ಅರಸುಕುಮಾರಿಯ ಹಾಸಿಗೆಯಲ್ಲಿ ಸುಕ್ಕಮ್ಮ

ನಮ್ಮ ದೊಡ್ಡಮ್ಮ ಇನ್ನೊಬ್ಬರಿಗೆ ಸೇರಬೇಕಾದ ಒಂದು ಮಾತನ್ನು ಮೂವತ್ತೆಂಟು ವರ್ಷ ತನ್ನ ಹತ್ತಿರವೇ ಇಟ್ಟುಕೊಂಡಿದ್ದಳು. ಕದ್ದಳು ಅನ್ನಲು ನನಗೆ ಬಾಯಿ ಬರುವುದಿಲ್ಲ, ನನ್ನನ್ನು ಎತ್ತಿ ಆಡಿಸಿದವಳು. ಆದರೆ ಬೇರೆ ಪದವೂ ಸಿಗುತ್ತಿಲ್ಲ. ಒಂದೇ ವಾಕ್ಯ. ಅದು ಅರಮನೆಯ ಇಬ್ಬರು ಹೆಂಗಸರಿಗೆ ತಲುಪಬೇಕಾಗಿತ್ತು. ಅದನ್ನು ತಲುಪಿಸುವ ಕೆಲಸ ಕೊನೆಗೆ ನನ್ನ ತಲೆಗೆ ಬಂತು.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಹದಿನಾಲ್ಕನೇ ವಯಸ್ಸಿಗೆ ಅರಮನೆಯಲ್ಲಿ ಹಾಸಿಗೆ ಹಾಸುವ ಕೆಲಸಕ್ಕೆ ಸೇರಿದಳು. ಅಲ್ಲಿ ಎಲ್ಲರೂ ಅವಳನ್ನು ಸುಕ್ಕಮ್ಮ ಎಂದೇ ಕರೆಯುತ್ತಿದ್ದರು. ಹಾಸಿಗೆಯ ಮೇಲೆ ಒಂದು ಸುಕ್ಕು ಕಂಡರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ನೆಂಟರ ಮನೆಗೆ ಹೋದರೂ ಮಾತಾಡುತ್ತ ಮಾತಾಡುತ್ತ ಅವರ ಮಂಚದ ಮೇಲೆ ಕೈಯಾಡಿಸಿ ಸರಿಮಾಡಿಬಿಡುತ್ತಿದ್ದಳು. ಅಮ್ಮನಿಗೆ ಅಲ್ಲೇ ಭೂಮಿ ಬಾಯ್ಬಿಡಬಾರದೇ ಅನಿಸುತ್ತಿತ್ತು. ಮದುವೆ ಮಾತೆತ್ತಿದವರಿಗೆ ದೊಡ್ಡಮ್ಮನ ಉತ್ತರ ಒಂದೇ: "ಇನ್ನೊಬ್ಬರು ಮಲಗಿ ಎದ್ದಿದ್ದನ್ನ ಸರಿಮಾಡೋದು ಕೆಲಸದಲ್ಲೇ ಸಾಕಾಗಿದೆ, ಮನೇಲೂ ಯಾಕೆ?" ಅವಳಿಗೆ ಆರು ವರ್ಷವಿದ್ದಾಗ ನನ್ನ ತಾತ ಪೇಟೆಗೆ ಹೋಗಿ ಬರುತ್ತೇನೆಂದು ಹೋದವನು ಮತ್ತೆ ಮನೆ ಕಡೆ ತಲೆ ಹಾಕಲಿಲ್ಲ. ಆ ವಿಷಯ ಮಾತ್ರ ಅವಳು ಎತ್ತುತ್ತಿರಲಿಲ್ಲ.

ಇಪ್ಪತ್ತೊಂದು ಕೋಣೆ ಅವಳ ಪಾಲಿಗಿದ್ದವು. ಬೆಳಕು ಹರಿಯುತ್ತಿದ್ದ ಹಾಗೆ ಹೋಗಿ ಹೊದಿಕೆ ಕೊಡವಬೇಕು, ದಿಂಬು ಬಡಿಯಬೇಕು, ಹಾಸಿಗೆ ಮಗುಚಿ ಹಾಕಿ ಒಗೆದ ಮೇಲುಹಾಸನ್ನು ಎಳೆದು ನಾಲ್ಕು ಮೂಲೆಗೂ ಸಿಕ್ಕಿಸಬೇಕು. ಹತ್ತಿಯ ಹಾಸಿಗೆಯಲ್ಲಿ ಮಲಗಿದವರ ಮೈಯ ತಗ್ಗು ಸ್ವಲ್ಪ ಹೊತ್ತು ಉಳಿದಿರುತ್ತದೆ. ಅದನ್ನು ನೋಡಿಯೇ ಯಾರು ನಿದ್ದೆಗೆಟ್ಟರು, ಯಾರು ಅತ್ತರು, ಯಾರು ಯಾರಿಗೆ ಬೆನ್ನು ಹಾಕಿ ಮಲಗಿದರು ಎಂದು ಹೇಳಿಬಿಡುತ್ತಿದ್ದಳು. ನಾನೂ ಹತ್ತಿ ಹಿಂಜಿ ಹಾಸಿಗೆ ತುಂಬುವ ಅಂಗಡಿ ಇಟ್ಟಿದ್ದೇನೆ, ಆ ವಿದ್ಯೆ ಮಾತ್ರ ನನಗೆ ಒಲಿಯಲಿಲ್ಲ.

ನಮ್ಮ ರಾಜ್ಯದಲ್ಲಿ ಸತ್ತ ದೊರೆ ತಕ್ಷಣ ಹೋಗುವುದಿಲ್ಲ. ಇದನ್ನು ಇಲ್ಲಿ ಯಾರೂ ಕತೆಯ ಹಾಗೆ ಹೇಳುವುದಿಲ್ಲ, ನೀರು ಕೆಳಕ್ಕೆ ಹರಿಯುತ್ತದೆ ಎನ್ನುವ ಹಾಗೆ ಹೇಳುತ್ತಾರೆ. ನೂರು ದಿನ, ಸೂರ್ಯ ಹುಟ್ಟುವ ಹೊತ್ತಿಗೆ, ಪಟ್ಟಕ್ಕೆ ಬರಬೇಕಾದವರ ಮಂಚದ ಅಂಚಿನಲ್ಲಿ ಬಂದು ಕೂರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ಮಂಚದ ಅಂಚು ತಗ್ಗುತ್ತದೆ, ಅಷ್ಟೆ. ಆ ನೂರರಲ್ಲಿ ಒಂದು ದಿನ, ಸಾಮಾನ್ಯವಾಗಿ ಕೊನೆಯ ದಿನ, ಒಂದೇ ಒಂದು ಮಾತು ಆಡುತ್ತಾರೆ. ಅದು ಸೇರಬೇಕಾದವರಿಗೆ ಸೇರಿದ ಮೇಲೆ ಹೊರಟು ಹೋಗುತ್ತಾರೆ. ವಾರಸುದಾರರು ನೂರು ದಿನವೂ ಅದೇ ಕೋಣೆಯಲ್ಲಿ ಒಬ್ಬರೇ ಮಲಗಿರಬೇಕು. ಒಂದು ದಿನ ತಪ್ಪಿದರೂ ಪಟ್ಟ ಮುಂದಿನವರಿಗೆ. ತಪ್ಪಿಲ್ಲವೆಂದು ಸಭೆಯಲ್ಲಿ ಹೇಳಬೇಕಾದವಳು ಹಾಸಿಗೆ ಹಾಸುವವಳು.

ಹಳೆಯ ದೊರೆ ಸತ್ತಾಗ ದೊಡ್ಡಮ್ಮನಿಗೆ ಮೂವತ್ತೆರಡು. ದೊರೆಗೆ ಒಬ್ಬಳೇ ಮಗಳು, ಅರಸುಕುಮಾರಿ, ಇಪ್ಪತ್ತೆರಡರ ಹುಡುಗಿ. ಅವಳ ನಂತರದ ಸರದಿ ದೊರೆಯ ತಮ್ಮನದು. ಅವರನ್ನು ಎಲ್ಲರೂ ಚಿಕ್ಕದೊರೆ ಎನ್ನುತ್ತಿದ್ದರು. ಅಣ್ಣನ ಮಗಳು ಒಂದು ಬೆಳಗ್ಗೆಯಾದರೂ ತಪ್ಪಲಿ ಎಂದು ಅವರು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು.

ಅರಮನೆಯಲ್ಲಿ ಇನ್ನೊಬ್ಬ ಕುಮಾರಿಯೂ ಇದ್ದಳು. ಹೊಳೆಯಾಚೆಯ ರಾಜ್ಯದ ಜೊತೆ ಯುದ್ಧ ನಿಂತಾಗ ಒಪ್ಪಂದಕ್ಕೆ ಒತ್ತೆಯಾಗಿ ಬಂದವಳು. ಬಂದಾಗ ಅವಳಿಗೆ ಒಂಬತ್ತು ವರ್ಷ, ನಮ್ಮ ಮಾತು ಒಂದೂ ಬರುತ್ತಿರಲಿಲ್ಲ. ಅರಸುಕುಮಾರಿಯೇ ಮಾತು ಕಲಿಸಿದ್ದು. ಮೊದಲು ಕಲಿಸಿದ್ದು ಬೈಗುಳ, ಆಮೇಲೆ ಉಳಿದದ್ದು. ಅಲ್ಲಿಂದ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಿಲ್ಲ. ಗೆಳೆತನ ಯಾವಾಗ ಪ್ರೀತಿಯಾಯಿತು ಎಂದು ಅವರಿಗೇ ಗೊತ್ತಿಲ್ಲ, ದೊಡ್ಡಮ್ಮನಿಗೆ ಗೊತ್ತಿತ್ತು. "ಒಂದು ದಿಂಬಲ್ಲಿ ಎರಡು ತಗ್ಗು, ಇನ್ನೊಂದು ದಿಂಬು ನೆಲದ ಮೇಲೆ," ಎಂದು ನನಗೆ ಹೇಳುವಾಗ ಎಪ್ಪತ್ತರ ಮುದುಕಿಯ ಮುಖ ಕೆಂಪಾಗಿತ್ತು.

ದೊರೆಗೂ ಒಂದು ದಿನ ಗೊತ್ತಾಯಿತು. ಸಾಯುವ ಮುಂಚಿನ ವರ್ಷ, ಮಹಡಿಯ ಮೆಟ್ಟಿಲ ತಿರುವಿನಲ್ಲಿ ಇಬ್ಬರೂ ಹಣೆಗೆ ಹಣೆ ತಾಗಿಸಿ ನಿಂತಿದ್ದನ್ನು ಅವರು ನೋಡಿದರು. ಕೂಗಾಡಲಿಲ್ಲ. ಸುಮ್ಮನೆ ಇಳಿದು ಹೋದರು. ಅವತ್ತಿನಿಂದ ಮಗಳ ಜೊತೆ ಮಾತು ಬಿಟ್ಟರು, ಕೊನೆಯವರೆಗೂ ಆಡಲಿಲ್ಲ. ತಾನು ಸತ್ತರೆ ಒಪ್ಪಂದ ಮುಗಿಯುತ್ತದೆ, ಆ ಹುಡುಗಿ ಅವಳ ಊರಿಗೆ ಹೋಗಲಿ ಎಂದು ಮಂತ್ರಿಗೆ ಹೇಳಿದ್ದರಂತೆ. ಅರಸುಕುಮಾರಿ ರಾಣಿಯಾದರೆ ಮಾತ್ರ ಅದನ್ನು ತಡೆಯಬಹುದಾಗಿತ್ತು. ಚಿಕ್ಕದೊರೆಗೆ ಪಟ್ಟ ಹೋದರೆ ಆ ಹುಡುಗಿ ಮರುದಿನವೇ ದೋಣಿ ಹತ್ತಬೇಕು.

ಮೊದಲ ಎಂಟು ದಿನ ಅರಸುಕುಮಾರಿ ತನ್ನ ಕೋಣೆಯಲ್ಲೇ ಮಲಗಿದಳು. ಅಪ್ಪ ಬಂದು ಕೂತಾಗ ಹಲ್ಲು ಕಚ್ಚಿಕೊಂಡು ಗೋಡೆಯ ಕಡೆ ತಿರುಗಿರುತ್ತಿದ್ದಳು. ಎಂಟನೇ ದಿನ ಸಂಜೆ ಹೊಳೆಯಾಚೆಯ ಕುಮಾರಿಗೆ ಬಂದ ಹಾಲನ್ನು ಅವಳ ಬೆಕ್ಕು ಮೊದಲು ಕುಡಿಯಿತು, ಅಲ್ಲೇ ಒದ್ದಾಡಿ ಸತ್ತುಹೋಯಿತು. ಅರಸುಕುಮಾರಿ ತನ್ನ ಕೋಣೆ ಬಿಟ್ಟು ಓಡಿಬರಲಿ ಎಂದು ಇದನ್ನು ಮಾಡಿಸಿದವರು ಯಾರೆಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಮರುದಿನ ಬೆಳಗ್ಗೆ ದೊಡ್ಡಮ್ಮ ಹೋದಾಗ ಅರಸುಕುಮಾರಿಯ ಹಾಸಿಗೆಯಲ್ಲಿ ತಗ್ಗಿರಲಿಲ್ಲ. ಹಿಂದಿನ ದಿನ ತಾನೇ ಎಳೆದು ಸಿಕ್ಕಿಸಿದ ಮೂಲೆ ಹಾಗೇ ಇತ್ತು. ಸ್ನಾನದ ಮನೆಯ ಒಳಬಾಗಿಲಿನಿಂದ ಆಚೆ ಕೋಣೆಗೆ ಓಡಿದಳು. ಅಲ್ಲಿ ಹೊಳೆಯಾಚೆಯ ಕುಮಾರಿ ಮಲಗಿದ್ದಳು. ಅರಸುಕುಮಾರಿ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು, ಕೈಯಲ್ಲಿ ಹಣ್ಣು ಕೊಯ್ಯುವ ಚಾಕು.

"ಅಮ್ಮಾವ್ರೇ, ಏಳಿ! ಬೀಗದವನು ಬರೋ ಹೊತ್ತಾಯ್ತು!" ಎಂದಳು ದೊಡ್ಡಮ್ಮ. ಬೀಗದವನು ಚಿಕ್ಕದೊರೆಯ ಬಂಟ. ದಿನಾ ಸೂರ್ಯ ಹುಟ್ಟುವ ಹೊತ್ತಿಗೆ ಬಾಗಿಲು ತೆಗೆದು, ಹಾಸಿಗೆಯಲ್ಲಿ ಜನ ಇದ್ದಾರೋ ಇಲ್ಲವೋ ನೋಡಿಕೊಂಡು ಹೋಗುತ್ತಿದ್ದ.

"ಇವಳನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ."

"ಪಟ್ಟ ಹೋಗತ್ತೆ!"

"ಹೋದ್ರೆ ಹೋಗ್ಲಿ. ಇವಳೇ ಇಲ್ದಿದ್ರೆ ಪಟ್ಟ ಕಟ್ಕೊಂಡು ಏನು ಮಾಡ್ಲಿ ನಾನು?"

"ಪಟ್ಟ ಹೋದ್ರೆ ಇವರನ್ನ ದೋಣಿ ಹತ್ತಿಸ್ತಾರೆ. ಆಗ ಚಾಕು ಹಿಡ್ಕೊಂಡು ಹೊಳೆ ಈಜ್ತೀರಾ?"

ಅರಸುಕುಮಾರಿ ಚಾಕು ಕೆಳಗಿಡಲಿಲ್ಲ, ಬಾಗಿಲು ಬಿಟ್ಟು ಏಳಲೂ ಇಲ್ಲ. ದೊಡ್ಡಮ್ಮ ಅಲ್ಲಿ ನಿಲ್ಲಲಿಲ್ಲ. ಓಡಿ ಬಂದವಳೇ ಅರಸುಕುಮಾರಿಯ ಹಾಸಿಗೆಗೆ ಹಾರಿ, ತಲೆತನಕ ಹೊದ್ದು, ಗೋಡೆಯ ಕಡೆ ತಿರುಗಿಕೊಂಡಳು. ಅಷ್ಟರಲ್ಲಿ ಬಾಗಿಲು ತೆರೆಯಿತು, ಮುಚ್ಚಿಕೊಂಡಿತು. ಬೀಗದವನು ಹೋದ.

ಎದ್ದುಬಿಡೋಣ ಎನ್ನುವಷ್ಟರಲ್ಲಿ ಅವಳ ಬೆನ್ನ ಹಿಂದೆ ಮಂಚದ ಅಂಚು ತಗ್ಗಿತು.

"ಜೀವ ಬಾಯಿಗೆ ಬಂತು ಕಣೇ," ಎಂದಳು ನನಗೆ. "ಹೊದಿಕೆ ಒಳಗೇ ಕಣ್ಣು ಮುಚ್ಚಿದೆ. ದೊರೆ ಕೂತಿದ್ದಾರೆ, ನಾನು ಅವರ ಮಗಳ ಹಾಸಿಗೇಲಿ ಬಿದ್ಕೊಂಡಿದೀನಿ. ಈಗ ಕುತ್ತಿಗೆ ಹಿಸುಕ್ತಾರೆ, ಈಗ ಹಿಸುಕ್ತಾರೆ ಅಂತ ಕಾದೆ. ಏನೂ ಮಾಡ್ಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದ್ರು."

ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ತೊಂಬತ್ತೊಂದು ಬೆಳಗ್ಗೆ ದೊಡ್ಡಮ್ಮ ಅರಸುಕುಮಾರಿಯ ಜಾಗದಲ್ಲಿ ಮಲಗಿದಳು. ಆಚೆ ಕೋಣೆಯಲ್ಲಿ ಇಬ್ಬರು ಕುಮಾರಿಯರೂ ಪಾಳಿ ಮೇಲೆ ನಿದ್ದೆ ಮಾಡುತ್ತಿದ್ದರು. ಸೂರ್ಯ ಮೇಲೆ ಬಂದು, ನಂಬಿಕೆಯ ಅಡಿಗೆಯವಳು ಎದುರಿಗೇ ರುಚಿ ನೋಡಿದ ಊಟ ತಂದ ಮೇಲೆಯೇ ಅರಸುಕುಮಾರಿ ಸ್ನಾನದ ಮನೆಯ ದಾರಿಯಿಂದ ಒದ್ದೆ ಕೂದಲು ಬಿಟ್ಟುಕೊಂಡು ಬರುತ್ತಿದ್ದಳು. ದೊಡ್ಡಮ್ಮ ಇಬ್ಬರನ್ನೂ ದಿನಾ ಬೈಯುತ್ತಿದ್ದಳು. ಒಂದು ದಿನ ಹೊಳೆಯಾಚೆಯ ಕುಮಾರಿ ಅರಸುಕುಮಾರಿಯ ಜಡೆಯ ತುದಿಯನ್ನು ತನ್ನ ಮಣಿಕಟ್ಟಿಗೆ ಗಂಟು ಹಾಕಿಕೊಂಡು ಮಲಗಿದ್ದಳಂತೆ.

"ಇದೇನಮ್ಮ ಇದು, ದನ ಕಟ್ಟಿದ ಹಾಗೆ?" ಎಂದು ದೊಡ್ಡಮ್ಮ ಕೇಳಿದಳು.

"ನಾನು ನಿದ್ದೆ ಮಾಡುವಾಗ ಇವಳು ಎದ್ದು ಹೋಗಿ ಯಾರನ್ನಾದರೂ ಇರಿದು ಬಂದಾಳು ಅಂತ," ಎಂದಳು ಆ ಹುಡುಗಿ. ಅವಳ ಮಾತಿನಲ್ಲಿ ಇನ್ನೂ ಹೊಳೆಯಾಚೆಯ ರಾಗವಿತ್ತು. ಮೂವರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆ ದಿನಗಳ ಬಗ್ಗೆ ಹೇಳುತ್ತ ದೊಡ್ಡಮ್ಮ ನಕ್ಕಿದ್ದು ಅದೊಂದೇ ಸಲ.

ಅವಳು ನನಗೆ ಹೇಳಲು ಹಿಂಜರಿದದ್ದು ಬೇರೆಯೇ ಇತ್ತು. ಮೊದಮೊದಲು ಹೆದರಿಕೊಂಡೇ ಮಲಗುತ್ತಿದ್ದವಳು ಇಪ್ಪತ್ತು ದಿನವಾಗುವಷ್ಟರಲ್ಲಿ ಕಾಯಲು ಶುರುಮಾಡಿದಳು. ಮಂಚದ ಅಂಚು ತಗ್ಗುತ್ತಿದ್ದ ಹಾಗೆ ಅವಳ ಉಸಿರು ತಾನಾಗಿ ನಿಧಾನವಾಗುತ್ತಿತ್ತು. ದೊರೆ ಏನೂ ಮಾಡುತ್ತಿರಲಿಲ್ಲ, ಬಂದು ಕೂತಿರುತ್ತಿದ್ದರು, ಅಷ್ಟೆ. ಐವತ್ತನೇ ದಿನದ ಸುಮಾರಿಗೆ ಹೊದಿಕೆಯ ಮೇಲೆ ಒಂದು ಕೈಯ ಭಾರ ಬಿತ್ತು, ಮಕ್ಕಳಿಗೆ ತಟ್ಟುವ ಹಾಗೆ ಎರಡು ಸಲ ತಟ್ಟಿತು.

"ನನ್ನ ಜೀವಮಾನದಲ್ಲಿ ನನ್ನ ಹಾಸಿಗೆ ಪಕ್ಕ ಬಂದು ಕೂತವರು ಬೇರೆ ಯಾರೂ ಇರಲಿಲ್ಲ ಕಣೇ," ಎಂದಳು ದೊಡ್ಡಮ್ಮ.

ನೂರನೇ ದಿನ ಅರಸುಕುಮಾರಿ ತಾನೇ ಮಲಗಬೇಕೆಂದು ಮೊದಲೇ ಮಾತಾಗಿತ್ತು. ಹೊಳೆಯಾಚೆಯ ಕುಮಾರಿಯೇ ಒತ್ತಾಯ ಮಾಡಿ ಕಳಿಸಿದಳು. "ನಾನು ಒಳಗಿಂದ ಅಗಳಿ ಹಾಕ್ಕೋತೀನಿ. ನೀನು ಹೋಗು. ನಿಮ್ಮಪ್ಪನಿಗೆ ನಮ್ಮ ವಿಷಯ ಹೇಳು. ಕೇಳಿಸ್ಕೊಂಡು ಏನು ಹೇಳ್ತಾರೋ ಹೇಳಲಿ." ಅರಸುಕುಮಾರಿ ತನ್ನ ಹಾಸಿಗೆಗೆ ಬಂದಳು. ಹೇಳಬೇಕಾದ್ದನ್ನು ತುಟಿಯಲ್ಲೇ ಅಭ್ಯಾಸ ಮಾಡಿಕೊಳ್ಳುತ್ತ ಮಲಗಿದಳು. ದೊಡ್ಡಮ್ಮ ಪಕ್ಕದ ಬಟ್ಟೆ ಕೋಣೆಯಲ್ಲಿ, ಒಗೆದ ಮೇಲುಹಾಸುಗಳ ರಾಶಿಯ ಪಕ್ಕ, ಮರದ ಪೆಟ್ಟಿಗೆಯ ಮೇಲೆ ಕೂತಳು. ನಡುವೆ ಒಂದು ಪರದೆ ಮಾತ್ರ.

ಸೂರ್ಯ ಹುಟ್ಟಿದ. ಕಿಟಕಿಯ ಬಿಸಿಲು ಅರಸುಕುಮಾರಿಯ ಕಾಲ ಹತ್ತಿರ ಬಂತು. ಮಂಚ ಅಲುಗಾಡಲಿಲ್ಲ.

ಇತ್ತ ದೊಡ್ಡಮ್ಮನ ಪಕ್ಕದಲ್ಲಿದ್ದ ಮೇಲುಹಾಸುಗಳ ರಾಶಿ ಮೆಲ್ಲಗೆ ಒತ್ತಿಕೊಂಡು ಅರ್ಧಕ್ಕರ್ಧ ತಗ್ಗಾಯಿತು. ಪೆಟ್ಟಿಗೆ ಕಿರ್ ಎಂದಿತು. ಅವಳ ಕಿವಿಯ ಹತ್ತಿರವೇ ದೊರೆಯ ದನಿ ಕೇಳಿಸಿತು: "ಮಗಳೇ, ಆ ಹುಡುಗಿ ಕೈ ಬಿಡಬೇಡ."

ತೊಂಬತ್ತೊಂದು ದಿನ ಆ ತಗ್ಗಿನಲ್ಲಿದ್ದವಳೇ ಅವರಿಗೆ ಮಗಳಾಗಿಬಿಟ್ಟಿದ್ದಳು. ನಿಜವಾದ ಮಗಳು ಪರದೆಯಾಚೆ ಕಾಯುತ್ತಿದ್ದಳು.

ಬಹಳ ಹೊತ್ತಾದ ಮೇಲೆ ಅರಸುಕುಮಾರಿ ಎದ್ದು ಕೂತಳು. ಹೊಳೆಯಾಚೆಯ ಕುಮಾರಿ ತಡೆಯಲಾರದೆ ಬಂದುಬಿಟ್ಟಿದ್ದಳು. "ಏನಂದ್ರು?" ಎಂದು ಕೇಳಿದಳು.

"ಬರಲೇ ಇಲ್ಲ," ಎಂದಳು ಅರಸುಕುಮಾರಿ. ಆಮೇಲೆ ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. "ನನ್ನ ಮುಖ ನೋಡೋದೂ ಬೇಡ ಅನಿಸಿದೆ ಅಪ್ಪನಿಗೆ."

"ನನ್ನಿಂದ," ಎಂದಳು ಹೊಳೆಯಾಚೆಯ ಕುಮಾರಿ.

ದೊಡ್ಡಮ್ಮ ಪರದೆ ಸರಿಸಿ ಅವರ ಮುಂದೆಯೇ ನಿಂತಿದ್ದಳು. ಕೇಳಿಸಿಕೊಂಡ ಮಾತನ್ನು ಹೇಳಲಿಲ್ಲ. ದೊರೆಯ ಮಾತು ಹಾಸಿಗೆಯವಳಿಗೆ ಬಂತೆಂದು ಒಂದು ಗೋಡೆಗೆ ಕೇಳಿಸಿದರೂ ಪಟ್ಟ ಚಿಕ್ಕದೊರೆಯ ಪಾಲು. ಹೊರಗೆ ಸಭೆಯ ನಗಾರಿ ಬಾರಿಸುತ್ತಿದ್ದರು.

ಸಭೆಯಲ್ಲಿ ಅರಸುಕುಮಾರಿ ಕಣ್ಣೊರೆಸಿಕೊಂಡು "ಮಾತು ಬಂತು" ಎಂದು ಹಸಿ ಸುಳ್ಳು ಹೇಳಿದಳು. ಏನು ಮಾತು ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಚಿಕ್ಕದೊರೆ ದೊಡ್ಡಮ್ಮನ ಕಡೆ ತಿರುಗಿದರು. "ನೂರು ದಿನವೂ ಇವಳೇ ಮಲಗಿದ್ದಳೋ?"

"ಹೌದು ದೊರೆ."

"ಹೊದ್ದು ಮಲಗಿದ್ದವಳ ಕಾಲು ದಪ್ಪ ಇತ್ತು ಅಂತಾನೆ ನಮ್ಮ ಬೀಗದವನು."

"ಪಟ್ಟಕ್ಕೆ ಬರೋ ಹೆಣ್ಣುಮಗಳ ಕಾಲನ್ನ ದಿನಾ ನಿಂತು ಅಳೀತಿದ್ನಾ ಅವನು?" ಎಂದಳು ದೊಡ್ಡಮ್ಮ. "ಸಭೆ ಅವನನ್ನ ಮೊದಲು ವಿಚಾರಿಸಲಿ, ಆಮೇಲೆ ನನ್ನನ್ನ."

ಸಭೆಯೆಲ್ಲ ಗೊಳ್ಳೆಂದಿತು. ಬೀಗದವನು ಕಂಬದ ಹಿಂದೆ ಸರಿದ. ಅರಸುಕುಮಾರಿಗೆ ಪಟ್ಟವಾಯಿತು, ಹೊಳೆಯಾಚೆಯ ಕುಮಾರಿ ಅರಮನೆಯಲ್ಲೇ ಉಳಿದಳು. ದೋಣಿ ಖಾಲಿ ಹೋಯಿತು.

ಆ ವಾರವೇ ದೊಡ್ಡಮ್ಮ ಕೆಲಸ ಬಿಟ್ಟು ನಮ್ಮ ಮನೆಗೆ ಬಂದುಬಿಟ್ಟಳು. ಹೊಸ ರಾಣಿ ಎಷ್ಟು ಕೇಳಿಕೊಂಡರೂ ಇರಲಿಲ್ಲ. ಸೊಂಟ ನೋವು ಎಂದಳಂತೆ. ನಿಜವೆಂದರೆ ಪಟ್ಟವಾದ ಮರುದಿನ ಬೆಳಗ್ಗೆ ಅವಳದೇ ಹಗ್ಗದ ಮಂಚದ ಅಂಚು ತಗ್ಗಿತ್ತು. ಮಾತು ತಲುಪದೆ ದೊರೆ ಹೋಗುವ ಹಾಗಿರಲಿಲ್ಲ.

ನಾನು ಹುಟ್ಟಿದ್ದು ಅದಾಗಿ ಮೂರು ವರ್ಷಕ್ಕೆ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ದೊಡ್ಡಮ್ಮನ ಮಂಚ. ಅದರ ಹೊರಗಿನ ಅಂಚಿನಲ್ಲಿ ಒಂದು ಮೊಳ ಜಾಗ ಬಿಟ್ಟೇ ಅವಳು ಮಲಗುತ್ತಿದ್ದಳು. ಅಲ್ಲಿ ಯಾರಾದರೂ ಕೂತರೆ ಮೈಮೇಲೆ ಬರುತ್ತಿದ್ದಳು. ಬೆಳಗ್ಗೆ ಎದ್ದ ತಕ್ಷಣ ಅವಳ ಹತ್ತಿರ ಓಡಿಹೋಗಬಾರದೆಂದು ನಮಗೆಲ್ಲ ಕಟ್ಟಪ್ಪಣೆ. ಒಂದು ಸಲ ಏಳೆಂಟು ವರ್ಷದವಳಿದ್ದಾಗ ಬಾಗಿಲ ಸಂದಿಯಿಂದ ಇಣುಕಿ ನೋಡಿದೆ. ಹಗ್ಗಗಳು ಕೆಳಕ್ಕೆ ಜಗ್ಗಿದ್ದವು, ಅದರ ಮೇಲೆ ಯಾರೂ ಇರಲಿಲ್ಲ. ದೊಡ್ಡಮ್ಮ ಗೋಡೆಯ ಕಡೆ ತಿರುಗಿ ನಗುತ್ತಿದ್ದಳು. ಮೂರು ದಿನ ನನಗೆ ಜ್ವರ ಬಂತು.

ಹೋದ ತಿಂಗಳು ಹೊಳೆಯಾಚೆಯ ಕುಮಾರಿ ತೀರಿಕೊಂಡರೆಂದು ಅರಮನೆಯಿಂದ ಸುದ್ದಿ ಬಂತು. ಅಂಗಡಿ ಮುಚ್ಚಿ ಮನೆಗೆ ಬಂದು ಹೇಳಿದೆ. ಬಾಗಿಲು ಹಾಕಿ ಬಾ ಎಂದಳು ದೊಡ್ಡಮ್ಮ. ಆಮೇಲೆ ಮೂರು ದಿನ ಬಿಟ್ಟು ಬಿಟ್ಟು ನನಗೆ ಇದನ್ನೆಲ್ಲ ಹೇಳಿದಳು.

"ಚಿಕ್ಕದೊರೆ ಸತ್ತು ಇಪ್ಪತ್ತೇಳು ವರ್ಷ ಆಯ್ತಲ್ಲ ದೊಡ್ಡಮ್ಮ," ಎಂದೆ. "ಆಮೇಲಾದ್ರೂ ಹೇಳಬಹುದಿತ್ತಲ್ಲ? ಆಗ ಯಾರ ಭಯ ಇತ್ತು ನಿಂಗೆ?"

ಅವಳು ಸೆರಗಿನ ತುದಿಯನ್ನು ಮಡಿಸಿದಳು, ಬಿಚ್ಚಿದಳು.

"ಹೇಳಿದ್ರೆ ಅವರು ಹೋಗಿಬಿಡ್ತಿದ್ರು ಕಣೇ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಅವತ್ತಿನಷ್ಟು ಯಾವತ್ತೂ ಬಂದಿರಲಿಲ್ಲ. ಅಪ್ಪ ಇಲ್ಲದೆ ಬೆಳೆದವಳು ಎಂದು ಗೊತ್ತು. ಹಾಗೆಂದು ಇನ್ನೊಬ್ಬಳ ಅಪ್ಪನನ್ನು ಇಟ್ಟುಕೊಳ್ಳುವುದೇ? "ನೀನೇ ಹೋಗಿ ಹೇಳು," ಎಂದು ಕೂಗಾಡಿದೆ. ಅವಳಿಗೆ ಹತ್ತು ಹೆಜ್ಜೆ ನಡೆಯಲೂ ಆಗುತ್ತಿರಲಿಲ್ಲ. ಮರುದಿನ ನಾನೇ ಹೋದೆ.

ರಾಣಿ ನನ್ನನ್ನು ಕಾಯಿಸಲಿಲ್ಲ, ಸುಕ್ಕಮ್ಮನ ಮನೆಯವಳು ಎಂದೊಡನೆ ಒಳಗೆ ಕರೆಸಿಕೊಂಡರು. ಅರವತ್ತರ ಹೆಂಗಸು. ಅಗಲವಾದ ಮಂಚದ ಒಂದು ಬದಿಯಲ್ಲಿ, ಇನ್ನೊಂದು ಬದಿಗೆ ಮೈ ತಾಗದ ಹಾಗೆ ಕೂತಿದ್ದರು. ನನಗೆ ಮುನ್ನುಡಿ ಹಾಕಲು ಬರುವುದಿಲ್ಲ. ಪೆಟ್ಟಿಗೆ, ಮೇಲುಹಾಸಿನ ರಾಶಿ, ದೊರೆಯ ದನಿ, ಎಲ್ಲವನ್ನೂ ಹೇಳಿದೆ. ಕೊನೆಗೆ ಆ ವಾಕ್ಯ ಹೇಳಿದೆ.

ಅವರು ಎರಡು ಸಲ ಹೇಳಿಸಿಕೊಂಡರು. ಬಯ್ಯುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

"ಪ್ರತಿ ವರ್ಷ ಆ ದಿನ ಬಂದಾಗ ಅವಳು ನನ್ನ ಕೇಳ್ತಿದ್ಲು," ಎಂದರು. "ನನ್ನಿಂದ ನಿಂಗೆ ಅಪ್ಪ ಇಲ್ದ ಹಾಗಾಯ್ತಲ್ವಾ ಅಂತ. ಇಲ್ಲ ಕಣೇ ಅಂತಿದ್ದೆ. ಮೊನ್ನೆ ಮಾತು ನಿಲ್ಲೋ ಮುಂಚೆಯೂ ಅದನ್ನೇ ಕೇಳಿದ್ಲು. ಇಲ್ಲ ಅಂದೆ. ನಂಬಲಿಲ್ಲ ಅವಳು." ಮಂಚದ ಖಾಲಿ ಬದಿಯನ್ನು ನೋಡಿ, "ಹೇಗೆ ನಂಬ್ತಾಳೆ? ನಾನೇ ನಂಬಿರಲಿಲ್ಲ," ಎಂದರು.

"ಅಮ್ಮಾವ್ರೇ, ದೊಡ್ಡಮ್ಮನ್ನ..." ಎಂದೆ, ಕ್ಷಮಿಸಿ ಎನ್ನಲು ಹೊರಟವಳು ನಿಲ್ಲಿಸಿದೆ. ಅದನ್ನು ಕೇಳಲು ನನಗೆ ಮನಸ್ಸಿರಲಿಲ್ಲ.

"ಅವಳಿಲ್ದಿದ್ರೆ ನಮಗೆ ಮೂವತ್ತೆಂಟು ವರ್ಷ ಎಲ್ಲಿ ಸಿಗ್ತಿತ್ತು," ಎಂದರು ರಾಣಿ. "ಹೋಗಮ್ಮ ನೀನು. ನಾನು ಸ್ವಲ್ಪ ಹೊತ್ತು ಒಬ್ಬಳೇ ಇರಬೇಕು."

ಮನೆಗೆ ಬಂದಾಗ ದೊಡ್ಡಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ತಲುಪಿಸಿದೆ," ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದೆ. ಅವಳಿಂದಲೇ ಮೂವತ್ತೆಂಟು ವರ್ಷ ಸಿಕ್ಕಿತೆಂದು ರಾಣಿ ಅಂದದ್ದನ್ನು ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಹಗುರವಾಗುವುದು ನನಗೆ ಬೇಕಿರಲಿಲ್ಲ.

ಮರುದಿನ ಬೆಳಗ್ಗೆ ಅಂಗಡಿಗೆ ಹೊರಟವಳು ಅವಳ ಕೋಣೆಯ ಬಾಗಿಲಲ್ಲಿ ನಿಂತೆ. ಬಿಸಿಲು ಬಂದಿತ್ತು. ದೊಡ್ಡಮ್ಮ ಗೋಡೆಯ ಕಡೆ ತಿರುಗಿ, ಎಂದಿನಂತೆ ಒಂದು ಮೊಳ ಜಾಗ ಬಿಟ್ಟು ಮಲಗಿದ್ದಳು. ಮಂಚದ ಹಗ್ಗಗಳು ಬಿಗಿಯಾಗಿ, ಸಮನಾಗಿ ಇದ್ದವು. ಅವಳು ಒಂದು ಕೈ ಹಿಂದಕ್ಕೆ ಚಾಚಿ ಆ ಜಾಗವನ್ನು ಮುಟ್ಟಿ ನೋಡಿದಳು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿ ನೋಡಿದಳು.

"ಯಾರಾದ್ರೂ ಇದೀರಾ?" ಎಂದಳು, ತಿರುಗದೆ.

ನಾಲ್ಕು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಹೋಗಿ ಅಲ್ಲಿ ಕೂತು, ಹೊದಿಕೆಯ ಮೇಲೆ ಎರಡು ಸಲ ತಟ್ಟಬಹುದಿತ್ತು. ಆದರೆ ನನ್ನ ಸಿಟ್ಟು ಇಳಿದಿರಲಿಲ್ಲ.

"ಯಾರೂ ಇಲ್ಲ ದೊಡ್ಡಮ್ಮ," ಎಂದು ಹೇಳಿ ಅಂಗಡಿಗೆ ಹೋದೆ. ಮಧ್ಯಾಹ್ನ ಊಟಕ್ಕೆ ಬಂದಾಗಲೂ ಅವಳು ಗೋಡೆಯ ಕಡೆಗೇ ತಿರುಗಿದ್ದಳು. ಮೈ ತಣ್ಣಗಾಗಿತ್ತು. ಕೈ ಇನ್ನೂ ಆ ಜಾಗದ ಮೇಲೇ ಇತ್ತು.